ಹುಳುಮನೆಯ ಮೂಗು

ತಿ. ನರಸೀಪುರದ ಬಸ್ ಸ್ಟ್ಯಾಂಡಿನಿಂದ ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಚೆಲುವಯ್ಯನ ಅಂಗಡಿಯಿದೆ. ಬೋರ್ಡು ಇಲ್ಲ. ಬೋರ್ಡು ಇದ್ದರೆ ಜನ ಓದಿಕೊಂಡು ಮುಂದೆ ಹೋಗುತ್ತಾರೆ, ಇಲ್ಲದಿದ್ದರೆ ‘ಇದೇನಂಗಡಿ’ ಎಂದು ಕೇಳಲಿಕ್ಕಾದರೂ ಮೆಟ್ಟಿಲು ಹತ್ತುತ್ತಾರೆ, ಹತ್ತಿದವರು ಬರಿಗೈಯಲ್ಲಿ ಇಳಿಯುವುದು ಅವರ ಹಣೆಯಲ್ಲಿ ಬರೆದಿಲ್ಲ ಎಂಬುದು ಚೆಲುವಯ್ಯನ ಸಿದ್ಧಾಂತ. ಸುಣ್ಣದ ಪುಡಿ, ಹುಳುಮನೆ ತೊಳೆಯುವ ಔಷಧಿ, ಸೊಪ್ಪು ಕತ್ತರಿಸುವ ಕತ್ತಿ, ಇಲಿಬೋನು, ಹೀಗೆ ರೇಷ್ಮೆ ಬೆಳೆಯುವವರಿಗೆ ಬೇಕಾದದ್ದೆಲ್ಲ ಅಲ್ಲಿದೆ. ಬೇಡವಾದದ್ದೂ ಇದೆ, ಅದು ಇನ್ನೂ ಬೇಗ ಖರ್ಚಾಗುತ್ತದೆ.

ಮೊದಲು ಅವನು ಚಂದ್ರಿಕೆ ಬಾಡಿಗೆಗೆ ಕೊಡುತ್ತಿದ್ದ. ಹಣ್ಣಾದ ಹುಳು ಗೂಡು ಕಟ್ಟಲಿ ಎಂದು ಬಿಡುವ ಬಿದಿರಿನ ದೊಡ್ಡ ತಟ್ಟೆ ಅದು. ಗಾಡಿಗಟ್ಟಲೆ ಚಂದ್ರಿಕೆ ಈ ಹಳ್ಳಿಯಿಂದ ಆ ಹಳ್ಳಿಗೆ ತಿರುಗಿಕೊಂಡಿರುತ್ತಿದ್ದವು. ಪ್ಲಾಸ್ಟಿಕ್ಕಿನದು ಬಂದಾಗ ಮಿಕ್ಕ ಬಾಡಿಗೆಯವರು ತಲೆಯ ಮೇಲೆ ಕೈ ಹೊತ್ತು ಕೂತರು. ಚೆಲುವಯ್ಯ ಒಂದು ದಿನ ಕೂತ. ಮರುದಿನ ಎದ್ದು ಪ್ಲಾಸ್ಟಿಕ್ಕಿನದನ್ನೇ ತಂದು ಮಾರಿದ. ಹಳೆಯ ಚಂದ್ರಿಕೆಗಳು ಇನ್ನೂ ಅಂಗಡಿಯ ಅಟ್ಟದ ಮೇಲಿವೆ, ಬತ್ತಿದ ಕೆರೆಯಲ್ಲಿ ಸಿಕ್ಕ ಎಮ್ಮೆಯ ಪಕ್ಕೆಲುಬಿನ ಹಾಗೆ. ಯಾಕಿಟ್ಟುಕೊಂಡಿದ್ದೀಯ ಎಂದು ಕೇಳಿದವರಿಗೆ, ಹಳೆ ಕಾಲ ವಾಪಸ್ಸು ಬಂದರೆ ಬಾಡಿಗೆಗೆ ಕೊಡಲಿಕ್ಕೆ ಎನ್ನುತ್ತಾನೆ.

ಈಗ ಅವನ ಹೊಸ ಮಾಲು ಮೂಗು.

ಇತ್ತೀಚೆಗೆ ಎಲ್ಲಕ್ಕೂ ಒಂದೊಂದು ಮೂಗೋ ಕಿವಿಯೋ ಬಂದಿದೆ. ಬಾಳೆತೋಟದ ಮಣ್ಣಿನಲ್ಲಿ ಚುಚ್ಚಿಟ್ಟ ಕಡ್ಡಿ ತೇವ ಎಷ್ಟಿದೆ ಎಂದು ಫೋನಿಗೆ ಹೇಳುತ್ತದೆ. ಸೀಮೆಹಸುವಿನ ಕೊರಳಿನ ಪಟ್ಟಿ ಅದು ಮೆಲುಕು ಹಾಕಿತೋ ಇಲ್ಲವೋ ಎಂದು ಚಾಡಿ ಹೇಳುತ್ತದೆ. ಸಾಹುಕಾರರ ಮಣಿಕಟ್ಟಿನ ವಾಚು, ಸಾಹುಕಾರರು ನಡೆದೆ ಎಂದು ಹೆಂಡತಿಗೆ ಹೇಳಿದ್ದು ಸುಳ್ಳು ಎಂದು ತೋರಿಸುತ್ತದೆ. ಚೆಲುವಯ್ಯ ತರಿಸುವುದು ಹುಳುಮನೆಯ ಮೂಗನ್ನು. ನಂಜನಗೂಡಿನ ಹತ್ತಿರ ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ಪ್ರಸಾದ್ ಎಂಬುವನು ಒಂದು ಶೆಡ್ಡಿನಲ್ಲಿ ಕೂತು ಅದನ್ನು ಜೋಡಿಸುತ್ತಾನೆ. ಊಟದ ಡಬ್ಬಿಯಷ್ಟು ಗಾತ್ರ, ಮೈತುಂಬ ಸಣ್ಣ ತೂತು, ಎದೆಯ ಮೇಲೆ ಒಂದು ದೀಪ. ಮನೆಯ ಶಾಖ, ತೇವ, ಮತ್ತೆ ಒಳಗಿನ ಜೀವಗಳು ಉಸಿರು ಬಿಟ್ಟು ಬಿಟ್ಟು ಗಾಳಿ ಎಷ್ಟು ಹಳಸಿದೆ ಎನ್ನುವುದು, ಇಷ್ಟನ್ನೂ ಅದು ಅಳೆಯುತ್ತದೆ. ಗಾಳಿ ಚೆನ್ನಾಗಿದ್ದರೆ ಹಸಿರು, ಕೆಟ್ಟರೆ ಕೆಂಪು. ಅಂಕಿ ರೈತನ ಫೋನಿಗೂ ಬರುತ್ತದೆ, ಚೆಲುವಯ್ಯನ ಫೋನಿಗೂ ಬರುತ್ತದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಅವನು ಊರೂರಿನ ಹುಳುಮನೆಗಳ ಉಸಿರು ನೋಡುತ್ತ ಕೂತಿರುತ್ತಾನೆ. ಬೇರೆಯವರು ಧಾರಾವಾಹಿ ನೋಡುವ ಹಾಗೆ.

ಸೋಮನಾಥಪುರದ ಆಚೆಯ ಹಳ್ಳಿಯೊಂದರಲ್ಲಿ ಅವನು ಇಂಥ ಮೂಗನ್ನು ಮಾರಿದ್ದು ಮಾದಮ್ಮನ ಹುಳುಮನೆಗೆ. ಅದಕ್ಕೂ ಹಿಂದೆ ಅವಳ ಗಂಡ ಗುರುಮಲ್ಲಪ್ಪನ ವಿಷಯ ಹೇಳಬೇಕು.

ಗುರುಮಲ್ಲಪ್ಪ ರೇಷ್ಮೆಯ ಜೊತೆಗೆ ದನದ ವ್ಯಾಪಾರವನ್ನೂ ಮಾಡಿದವನು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಇಬ್ಬರ ಕೈಗಳ ಮೇಲೆ ಟವೆಲ್ ಹೊದಿಸಿ, ಅದರ ಅಡಿಯಲ್ಲಿ ಬೆರಳು ಹಿಡಿದು, ಬಿಟ್ಟು, ಅದುಮಿ ಮುಗಿಸುವುದು. ಸುತ್ತ ನಿಂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ, ಆ ಮುಖಗಳಲ್ಲಿ ಏನೂ ಇರುವುದಿಲ್ಲ. ಗುರುಮಲ್ಲಪ್ಪನಿಗೆ ಇದು ಎಷ್ಟು ಅಂಟಿತ್ತೆಂದರೆ ಚಂದ್ರಿಕೆ ಬಾಡಿಗೆಗೂ ಟವೆಲ್ ಹೊದಿಸುತ್ತಿದ್ದ. ಅಂಗಡಿಯಲ್ಲಿ ಇರುತ್ತಿದ್ದವರು ಅವನು ಮತ್ತು ಚೆಲುವಯ್ಯ ಇಬ್ಬರೇ, ಯಾರಿಂದ ಮುಚ್ಚಿಡುತ್ತಿದ್ದರೋ ದೇವರೇ ಬಲ್ಲ. ಅವನ ಬಲಗೈ ತೋರುಬೆರಳು ಸೊಪ್ಪಿನ ಕತ್ತಿಗೆ ಸಿಕ್ಕಿ ಅರ್ಧಕ್ಕೇ ನಿಂತಿತ್ತು. ಗುರುಮಲ್ಲಪ್ಪನ ಒಂದು ಎಂದರೆ ಅರ್ಧ ಎಂದು ಸಂತೆಯಲ್ಲಿ ತಮಾಷೆ ಮಾಡುತ್ತಿದ್ದರು. ಐದು ಬೆರಳನ್ನೂ ಒಟ್ಟಿಗೆ ಹಿಡಿದು ಅದುಮಿದನೆಂದರೆ ‘ಚಿಲ್ಲರೆ ಮಾತಿಲ್ಲ, ಪೂರ್ತಿ ನನಗೇ’ ಎಂದು ಅರ್ಥ. ಚೆಲುವಯ್ಯ ಅವನ ಅಂಗೈ ಮೇಲೆ ಉಗುರು ಎಳೆದರೆ ‘ಅರ್ಧ ಬಿಡು’ ಎಂದು. ಹೀಗೆ ವರ್ಷಾನುಗಟ್ಟಲೆ. ಗುರುಮಲ್ಲಪ್ಪನ ಮುಖಕ್ಕಿಂತ ಅವನ ಕೈಯೇ ಚೆಲುವಯ್ಯನಿಗೆ ಹೆಚ್ಚು ಗುರುತು.

ಆ ಕೈ ಹೋಗಿ ಮೂರು ವರ್ಷವಾಯಿತು. ಚಳಿಗಾಲದಲ್ಲಿ ಹುಳು ಕಾಯುತ್ತ ಹುಳುಮನೆಯಲ್ಲೇ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಮುಖ ಕೆಂಪಗೆ, ಆರೋಗ್ಯವಂತನ ಮುಖದಂತೆ ಇತ್ತಂತೆ. ಪುಣ್ಯಾತ್ಮ, ನಿದ್ದೆಯಲ್ಲೇ ಹೋದ, ಇಂಥ ಸಾವು ಯಾರಿಗುಂಟು ಎಂದು ಊರು ಹೊಟ್ಟೆಕಿಚ್ಚು ಪಟ್ಟಿತು.

ಆಮೇಲೆ ಅವನು ಮಲಗಿದ್ದ ಚಾಪೆಯ ಮೇಲೆ ಮಾದಮ್ಮ ಮಲಗಲು ಶುರುಮಾಡಿದಳು. ಬೆಳೆ ಇರಲಿ ಇಲ್ಲದಿರಲಿ ಅವಳ ವಾಸ ಅಲ್ಲೇ. ಮಗ ಮಹಾದೇವಸ್ವಾಮಿ, ಸೊಸೆ ಪವಿತ್ರಾ ಅಂಗಳದ ಈಚೆಯ ಮನೆಯಲ್ಲಿದ್ದರು. ಊಟ ಅಲ್ಲಿ, ಜಗಳವೂ ಅಲ್ಲಿ, ನಿದ್ದೆ ಮಾತ್ರ ಹುಳುಗಳ ಜೊತೆ. ಹುಳುಮನೆಯ ಕಿಟಕಿಗಳನ್ನು ಅವಳು ತೆರೆಯಗೊಡುತ್ತಿರಲಿಲ್ಲ. ಊಜಿ ನೊಣ ಒಳಗೆ ಬಂದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ ಬೆಳೆ ಹೋಯಿತು. ಅದು ನಿಜವೇ. ಚಳಿಗೆ ಹುಳು ಮುದುಡಬಾರದೆಂದು ಮೂಲೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ. ಅದೂ ಊರೆಲ್ಲ ಮಾಡುವುದೇ.

ಮೂಗು ಕೊಂಡದ್ದು ಪವಿತ್ರಾಳ ಹಟಕ್ಕೆ. ಅತ್ತೆ ಮಲಗುವ ಜಾಗದ ಗಾಳಿ ಹೇಗಿದೆಯೋ ಎಂದು ಅವಳಿಗೆ ಭಯ. ಚೆಲುವಯ್ಯ ತಾನೇ ಹೋಗಿ ಮಾದಮ್ಮನ ಚಾಪೆಯ ಮೇಲ್ಗಡೆ ಗೋಡೆಗೆ ಮೊಳೆ ಹೊಡೆದು ತಗುಲಿಸಿದ. ವಾರಕ್ಕೊಂದು ಸಲ ಬಾಗಿಲು ಕಿಟಕಿ ತೆರೆದು ಪೆಟ್ಟಿಗೆಗೆ ಬಯಲಿನ ಗಾಳಿ ತೋರಿಸಲೇಬೇಕು ಎಂದು ಪ್ರಸಾದ್ ಹೇಳಿ ಕಳಿಸಿದ್ದ. ಚೆಲುವಯ್ಯ ಅದನ್ನು ಹೇಳಿದ. ಮಾದಮ್ಮ ಊಜಿ ನೊಣದ ಹೆಸರೆತ್ತಿದಳು. ಮಾರಾಟ ಕುದುರುವ ಹೊತ್ತಿನಲ್ಲಿ ಕಿಟಕಿಯ ಮಾತು ಯಾಕೆ ಎಂದು ಅವನು, ಆಯ್ತಕ್ಕ, ಆದಾಗ ತೆಗಿ ಎಂದು ನಕ್ಕು ಬಂದ. ವ್ಯಾಪಾರದಲ್ಲಿ ಕೊನೆಯ ಮಾತು ಯಾವಾಗಲೂ ಗಿರಾಕಿಯದು.

ಚಳಿ ಬಲಿತ ಮೇಲೆ ಒಂದು ಬೆಳಿಗ್ಗೆ ಪವಿತ್ರಾಳ ಫೋನು ಬಂತು.

“ಅಣ್ಣಾ, ನಿಮ್ ಪೆಟ್ಗೆ ಗಾಳಿ ಚೆನ್ನಾಗದೆ ಅಂತದೆ. ಅತ್ತೆ ದಿನಾ ತಲೆನೋವು ಅಂತಾರೆ. ಸಾಯಂಕಾಲ ಆಯ್ತು ಅಂದ್ರೆ ಒಳಗೆ ಯಾರ ಕೂಡೇನೋ ಮಾತಾಡ್ತಾರೆ. ನಾನ್ ಯಾವ್ದನ್ನ ನಂಬ್ಲಿ?”

ಚೆಲುವಯ್ಯ ತನ್ನ ಫೋನಿನಲ್ಲಿ ನೋಡಿದ. ಮಾದಮ್ಮನ ಹುಳುಮನೆಯ ಗಾಳಿ ಹಸಿರಾಗಿತ್ತು. ಹಸಿರು ಎಂದರೆ ಅಂತಿಂಥದಲ್ಲ, ಅವನು ಮಾರಿದ ಮೂಗುಗಳಲ್ಲೆಲ್ಲ ಅದೇ ಚೊಕ್ಕ. ಮುದುಕಿಗೆ ಕನ್ನಡಕ ಬದಲಾಯಿಸಿ ಎಂದು ಹೇಳಿ ಫೋನು ಇಟ್ಟ. ಆದರೆ ವಾರ ಕಳೆಯುವುದರೊಳಗೆ ಆ ಕಡೆಯ ಹಳ್ಳಿಯಿಂದ ಸುಣ್ಣಕ್ಕೆ ಬಂದವನೊಬ್ಬ, ಗುರುಮಲ್ಲಪ್ಪ ಹುಳುಮನೆಗೆ ಬರುತ್ತಿದ್ದಾನಂತೆ, ನಿಮ್ಮ ಪೆಟ್ಟಿಗೆ ತಗುಲಿಸಿದ ಮೇಲೆಯೇ ಶುರುವಾಗಿದ್ದಂತೆ ಎಂದು ಹೇಳಿ, ತನಗೆ ಬೇಕೆಂದಿದ್ದ ಪೆಟ್ಟಿಗೆ ಸದ್ಯಕ್ಕೆ ಬೇಡ ಎಂದ. ದೆವ್ವದ ವಿಷಯದಲ್ಲಿ ಚೆಲುವಯ್ಯನಿಗೆ ಅಭಿಪ್ರಾಯವಿರಲಿಲ್ಲ. ವಾಪಸ್ಸಾದ ಗಿರಾಕಿಯ ವಿಷಯದಲ್ಲಿ ಇತ್ತು. ಟವೆಲ್ ಹೆಗಲ ಮೇಲೆ ಹಾಕಿಕೊಂಡು ಹೊರಟ.

ಹುಳುಮನೆಯ ಬಾಗಿಲು ಎಳೆದರೆ ಒಳಗೆ ಬೆಚ್ಚಗಿನ, ಭಾರವಾದ ಗಾಳಿ. ಸೊಪ್ಪಿನ ಹಸಿ ವಾಸನೆ, ಹಿಕ್ಕೆಯ ವಾಸನೆ. ಅಟ್ಟಣೆಯ ಮೇಲೆ ಹುಳುಗಳು ಸೊಪ್ಪು ಮೇಯುವ ಸದ್ದು, ಪಕ್ಕದ ಕೋಣೆಯಲ್ಲಿ ಯಾರೋ ಬಹಳ ಜನ ಪಿಸುಗುಡುತ್ತಿರುವ ಹಾಗೆ. ಮಾದಮ್ಮ ಚಾಪೆಯ ಮೇಲೆ ಹಣೆಗೆ ಬಟ್ಟೆ ಬಿಗಿದುಕೊಂಡು ಕೂತಿದ್ದಳು. ಅವಳ ತಲೆಯ ಮೇಲೆ ಹಸಿರು ದೀಪ. ಚೆಲುವಯ್ಯ ಸುತ್ತಿ ಬಳಸಿ ಕೇಳಿದ. ಅವಳು ನೇರವಾಗಿ ಹೇಳಿದಳು.

“ನಾನೇನ್ ಕರೀನಿಲ್ಲ ಕಣಪ್ಪ. ಅವ್ರೇ ಬತ್ತಾರೆ. ದೀಪ ಅಚ್ಚೋ ಒತ್ಗೆ ಆ ಕಂಬದ್ ತಾವು ನಿಂತ್ಕತಾರೆ. ಮಾತಿಲ್ಲ, ಕತೆಯಿಲ್ಲ. ನಿನ್ನೂ ಒಂದಿನ ಯಾಪಾರಕ್ಕೆ ಕರೀತಾರೆ ಅಂತ ಕಾಣ್ತದೆ, ಅವ್ರ ಟವಲ್ ಎಗಲ್ ಮ್ಯಾಲೇ ಇರ್ತದೆ.”

ಚೆಲುವಯ್ಯ ನಗಲು ಹೋದ. ಅಷ್ಟರಲ್ಲಿ ಮೇಯುವ ಸದ್ದು ನಿಂತುಹೋಯಿತು. ನೋಡಿದರೆ ಅಟ್ಟಣೆಯ ಉದ್ದಕ್ಕೂ ಹುಳುಗಳು ಸೊಪ್ಪು ಬಿಟ್ಟು ತಲೆ ಎತ್ತಿ ನಿಂತಿದ್ದವು. ಸಾವಿರಾರು ಬಿಳಿ ತಲೆಗಳು, ಅಲ್ಲಾಡದೆ. ಹುಳು ಪೊರೆ ಬಿಡುವ ಮೊದಲು ಹೀಗೆ ತಲೆ ಎತ್ತಿ ಸುಮ್ಮನಾಗುವುದನ್ನು ಜ್ವರಕ್ಕೆ ಕೂತಿತು ಎನ್ನುತ್ತಾರೆ. ಜೀವಮಾನವಿಡೀ ನೋಡಿದ್ದಾನೆ. ಆದರೆ ಎಲ್ಲ ಒಟ್ಟಿಗೆ, ಒಂದೇ ಕ್ಷಣಕ್ಕೆ, ಅದೂ ಆ ಕಂಬದ ಕಡೆಗೆ ಕೂತದ್ದನ್ನು ನೋಡಿರಲಿಲ್ಲ. ಅವನಿಗೆ ಊರಿನಲ್ಲಿ ತುರ್ತು ಕೆಲಸ ನೆನಪಾಯಿತು.

ಆ ಬೆಳೆ ಮುಗಿಯಿತು. ಗೂಡು ಮಾರುಕಟ್ಟೆಗೆ ಹೋಯಿತು. ಕಳಲೆಯಲ್ಲಿ ಮಾದಮ್ಮನ ತಮ್ಮನ ಮೊಮ್ಮಗಳ ನಾಮಕರಣಕ್ಕೆಂದು ಮಗ ಬಲವಂತ ಮಾಡಿ ಅವಳನ್ನು ಕರೆದುಕೊಂಡು ಹೋದ. ಅತ್ತೆ ಅತ್ತ ಹೋದದ್ದೇ ಪವಿತ್ರಾ ಅಗ್ಗಿಷ್ಟಿಕೆ ಆರಿಸಿ, ಬಾಗಿಲು ಕಿಟಕಿ ಎಲ್ಲ ಹಾರುಹೊಡೆದು ಹುಳುಮನೆ ತೊಳೆಯಲು ನಿಂತಳು.

ಅಂಗಡಿಯಲ್ಲಿ ಕೂತಿದ್ದ ಚೆಲುವಯ್ಯ ಫೋನು ನೋಡುತ್ತಿದ್ದ. ಬಯಲಿನ ಗಾಳಿಗೆ ಪೆಟ್ಟಿಗೆ ತೋರಿಸಬೇಕಾದ ಅಂಕಿ ನಾನೂರರ ಸುಮಾರು. ಅದಕ್ಕಿಂತ ಚೊಕ್ಕ ಗಾಳಿ ಈ ಭೂಮಿಯ ಮೇಲೆ ಎಲ್ಲೂ ಇಲ್ಲ, ಹಿಮಾಲಯಕ್ಕೆ ಹೋದರೂ ಇಲ್ಲ ಎಂದು ಪ್ರಸಾದ್ ಹೇಳಿದ್ದ. ಮಾದಮ್ಮನ ಹುಳುಮನೆಯ ಅಂಕಿ ಅದನ್ನು ದಾಟಿ ಕೆಳಗಿಳಿಯಿತು. ಮುನ್ನೂರು. ಇನ್ನೂರು. ಕೆಟ್ಟಿತೇನೋ ಎಂದು ಫೋನು ಆರಿಸಿ ಮತ್ತೆ ಹಾಕಿದ. ಇನ್ನೂ ಇಳಿಯುತ್ತಲೇ ಇತ್ತು. ಕೊನೆಗೆ ಸೊನ್ನೆಗೆ ಬಂದು ನಿಂತಿತು. ದೀಪ ಹಸಿರೇ.

ಅವನು ಬಹಳ ಹೊತ್ತು ಆ ಸೊನ್ನೆಯನ್ನು ನೋಡಿದ. ಜೀವ ಇರುವ ಕಡೆ ಉಸಿರು ಬಿಡುತ್ತಾರೆ, ಅಂಕಿ ಏರುತ್ತದೆ. ಯಾರೂ ಇಲ್ಲದ ಕಡೆ ಬಯಲಿನಷ್ಟಿರುತ್ತದೆ. ಬಯಲಿಗಿಂತ ಕೆಳಗೆ ಇಳಿಯಬೇಕಾದರೆ? ಯಾರೋ ಒಳಗೆ ನಿಂತು ಗಾಳಿಯನ್ನು ಬರೀ ಎಳೆದುಕೊಳ್ಳುತ್ತಿರಬೇಕು. ಎಳೆದುಕೊಳ್ಳುತ್ತಲೇ ಇರಬೇಕು, ಬಿಡದೆ. ಆ ಕಂಬ ಕಣ್ಣಿಗೆ ಕಟ್ಟಿತು. ಬಿಸಿಲು ಇನ್ನೂ ಅಂಗಡಿಯ ಮೆಟ್ಟಿಲ ಮೇಲಿತ್ತು, ಅವನು ಬಾಗಿಲು ಹಾಕಿದ.

ಮೂರು ದಿನ ತಡೆದು ನಂಜನಗೂಡಿಗೆ ಹೋದ. ಹೊಳೆಗಿಳಿದು ತಲೆಗೆ ನೀರು ಹಾಕಿಕೊಂಡು, ನಂಜುಂಡೇಶ್ವರನಿಗೆ ಒಂದು ಕೈ ಮುಗಿದು, ಆಮೇಲೆ ತಾಂಡ್ಯಕ್ಕೆ ಆಟೋ ಹತ್ತಿದ. ಎರಡು ಕಡೆಯೂ ಕೇಳಿಬಿಡುವುದು ಒಳ್ಳೆಯದು, ಸರಕು ಯಾರ ಹತ್ತಿರ ಇದೆಯೋ ಗೊತ್ತಿಲ್ಲವಲ್ಲ. ಪ್ರಸಾದ್ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

“ಯಜಮಾನ್ರೇ, ವಾರಕ್ಕೊಂದ್ಸಲ ಕಿಟಕಿ ತೆಗೀತಿದ್ರಾ?”

ಆದಾಗ ತೆಗಿ ಅಂದಿದ್ದೆ ಎಂದು ಚೆಲುವಯ್ಯ ಶೆಡ್ಡಿನ ತಗಡಿಗೆ ಹೇಳಿದ.

ಪ್ರಸಾದ್ ವಿವರಿಸಿದ. ಈ ಮೂಗಿಗೆ ಹುಟ್ಟಿನಿಂದ ಒಳ್ಳೆಯ ಗಾಳಿ ಯಾವುದು ಎಂದು ಗೊತ್ತಿರುವುದಿಲ್ಲ. ವಾರವೆಲ್ಲ ಮೂಸಿ ನೋಡುತ್ತದೆ, ಅದರಲ್ಲಿ ಅತ್ಯಂತ ಚೊಕ್ಕ ಯಾವುದು ಸಿಕ್ಕಿತೋ ಅದೇ ಬಯಲ ಗಾಳಿ ಎಂದು ತಿಳಿದು ಅಲ್ಲಿಂದ ಲೆಕ್ಕ ಶುರುಮಾಡುತ್ತದೆ. ಬಯಲನ್ನೇ ತೋರಿಸದೆ ಮುಚ್ಚಿದ ಮನೆಯಲ್ಲಿ ಇಟ್ಟರೆ ಆ ಮನೆಯ ಕೆಟ್ಟ ಉಸಿರನ್ನೇ ಒಳ್ಳೆಯದೆಂದು ಕಲಿಯುತ್ತದೆ. ನಿಜವಾದ ಗಾಳಿ ಬಂದ ದಿನ ಅದಕ್ಕೆ ಏನು ಹೇಳಬೇಕೋ ತಿಳಿಯದೆ ಅಂಕಿ ಸೊನ್ನೆಗೆ ಇಳಿಯುತ್ತದೆ.

ಇಷ್ಟು ಚೆಲುವಯ್ಯನಿಗೆ ಒಂದೇ ಏಟಿಗೆ ಹತ್ತಿತು. ತಟ್ಟೆಯ ಅಡಿಗೆ ಹುಣಿಸೆಹಣ್ಣು ಅಂಟಿಸಿಕೊಂಡ ತಕ್ಕಡಿ. ಮುಳ್ಳು ನಡುವೆಯೇ ನಿಂತಿರುತ್ತದೆ, ತೂಕ ಮಾತ್ರ ಸುಳ್ಳು. ಹುಣಿಸೆಹಣ್ಣು ಅಂಟಿಸುವವರನ್ನು ಅವನು ಹತ್ತಿರದಿಂದ ಬಲ್ಲ. ಎಷ್ಟು ಹತ್ತಿರದಿಂದ ಎಂದು ಹೇಳುವುದಿಲ್ಲ.

ಹಾಗಾದರೆ ದೆವ್ವವಿಲ್ಲ ಎಂದು ಅವನು ಎದ್ದ. ಪ್ರಸಾದ್ ಅವನ ಕೈ ಹಿಡಿದು ಕೂರಿಸಿದ. ಮುಚ್ಚಿದ ಮನೆಯಲ್ಲಿ ಇದ್ದಿಲು ಉರಿಸುತ್ತಾರಾ ಎಂದು ಕೇಳಿದ. ಹೌದೆಂದಾಗ ಅವನ ಮುಖ ಬದಲಾಯಿತು. ಇದ್ದಿಲು ಸರಿಯಾಗಿ ಗಾಳಿ ಸಿಗದೆ ಉರಿದರೆ ಬೇರೊಂದು ವಿಷ ಬರುತ್ತದೆ, ಅದಕ್ಕೆ ವಾಸನೆಯಿಲ್ಲ, ಈ ಪೆಟ್ಟಿಗೆಗೆ ಅದನ್ನು ಮೂಸುವ ಮೂಗೂ ಇಲ್ಲ. ಮೊದಲು ತಲೆನೋವು. ಆಮೇಲೆ ಇಲ್ಲದವರು ಕಾಣುತ್ತಾರೆ, ಮಾತು ಕೇಳಿಸುತ್ತದೆ. ಆಮೇಲೆ ಒಂದು ದಿನ ಮಲಗಿದವರು ಏಳುವುದಿಲ್ಲ. ಸತ್ತವರ ಮುಖ ಕೆಂಪಗೆ, ಆರೋಗ್ಯವಂತರ ಹಾಗೆ ಇರುತ್ತದೆ.

ಚೆಲುವಯ್ಯ ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಕೇಳಿ ಕೂತ. ಕೆಂಪು ಮುಖ. ಪುಣ್ಯಾತ್ಮ, ನಿದ್ದೆಯಲ್ಲೇ ಹೋದ. ಅದೇ ಚಾಪೆ, ಅದೇ ಅಗ್ಗಿಷ್ಟಿಕೆ. ಈಗ ಅದರ ಮೇಲೆ ತಾನು ಮಾರಿದ ಹಸಿರು ದೀಪ, ಎಲ್ಲ ಚೆನ್ನಾಗಿದೆ ಮಲಗಿಕೋ ಎಂದು ಹೇಳುತ್ತ.

ಅವನು ಹಳ್ಳಿ ಮುಟ್ಟುವ ಹೊತ್ತಿಗೆ ಮಾದಮ್ಮ ಕಳಲೆಯಿಂದ ಬಂದಾಗಿತ್ತು. ಹೊಸ ಬೆಳೆಗೆ ಮರಿಹುಳು ಬಂದಿದ್ದವು. ಕಿಟಕಿಗಳು ಮತ್ತೆ ಮುಚ್ಚಿದ್ದವು, ಅಗ್ಗಿಷ್ಟಿಕೆ ಉರಿಯುತ್ತಿತ್ತು. ಮಹಾದೇವಸ್ವಾಮಿ, ಪವಿತ್ರಾ ಇಬ್ಬರನ್ನೂ ಕರೆದು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಗುರುಮಲ್ಲಪ್ಪ ಸತ್ತ ಬಗೆಯನ್ನೂ ಹೇಳಿದ. ಮಗ ಕಿಟಕಿಗೆ ಕೈ ಹಾಕಿದ. ಮಾದಮ್ಮ ಒಳಗಿನಿಂದಲೇ, ಮುಟ್ಟಬೇಡ ಎಂದಳು. ಬಾಗಿಲು ಹಾಕಿಕೊಂಡು ಒಳಗೆ ಬಾ ಎಂದು ಚೆಲುವಯ್ಯನನ್ನು ಮಾತ್ರ ಕರೆದಳು.

“ಕೆಟ್ಟ್ ಗಾಳೀಲಿ ಅವ್ರು ಬತ್ತಾರೆ. ಒಳ್ಳೆ ಗಾಳಿ ಬಿಟ್ರೆ ಅವ್ರು ಬರಾಕಿಲ್ಲ. ಅಷ್ಟೇ ತಾನೆ ನೀನ್ ಏಳೋದು?”

ಅಷ್ಟೇ ಎಂದು ಒಪ್ಪಿಕೊಳ್ಳಬೇಕಾಯಿತು.

“ಅಂಗಾರೆ ಕಿಟ್ಕಿ ಯಾಕ್ ತೆಗೀಲಿ?”

ಸಾಯುತ್ತೀಯಕ್ಕ ಎಂದ. ಎಲ್ಲಾರೂ ಸಾಯ್ತಾರೆ ಎಂದಳು. ಯಾರೂ ಬರುವುದಿಲ್ಲ, ಅದೆಲ್ಲ ತಲೆಯೊಳಗೆ ಹುಟ್ಟುವುದು ಎಂದ. ದೀಪ ಹಚ್ಚುವ ಹೊತ್ತಾಯಿತು, ಕೂತುಕೊಂಡು ನೋಡಿ ಆಮೇಲೆ ಹೇಳು ಎಂದಳು. ವ್ಯಾಪಾರಿಗೆ ಸವಾಲು ಹಾಕಬಾರದು. ಸ್ವಲ್ಪ ಹೊತ್ತು ಕೂತು, ಯಾರೂ ಬರಲಿಲ್ಲ ನೋಡಿದೆಯಾ ಎಂದು ಹೇಳಿ ಕಿಟಕಿ ತೆಗೆದರಾಯಿತು ಎಂದು ಅವನು ಲೆಕ್ಕ ಹಾಕಿದ. ಮಗ ಸೊಸೆ ಅಂಗಳದಲ್ಲೇ ಇರಲಿ ಎಂದು ಕೂಗಿ ಹೇಳಿ, ಚಾಪೆಯ ಈ ತುದಿಯಲ್ಲಿ ಕೂತ. ಟವೆಲ್ ತೊಡೆಯ ಮೇಲೆ ಹರಡಿಕೊಂಡು ಕೈಗಳನ್ನು ಅದರಡಿ ಸೇರಿಸಿದ.

ಮಾದಮ್ಮ ಆ ತುದಿಯ ಗೋಡೆಗೆ ಒರಗಿ ಕಣ್ಣು ಅರೆ ಮುಚ್ಚಿದಳು. ಮರಿಹುಳುಗಳಿಗೆ ಸದ್ದಿಲ್ಲ. ಇದ್ದಿಲು ಆಗಾಗ ಚಿಟ್ ಎನ್ನುತ್ತಿತ್ತು. ಹಸಿರು ದೀಪ ಒಂದೇ ಸಮನೆ ನೋಡುತ್ತಿತ್ತು. ಚೆಲುವಯ್ಯನಿಗೆ ಮೊದಲು ಹಣೆಯ ಎರಡು ಪಕ್ಕ ಯಾರೋ ಹೆಬ್ಬೆರಳು ಒತ್ತಿದ ಹಾಗಾಯಿತು. ಆಮೇಲೆ ಹಿತವಾಯಿತು. ಏಳಬೇಕು ಎಂದುಕೊಂಡ, ಇನ್ನೊಂದು ಗಳಿಗೆ ಎಂದುಕೊಂಡ. ಕಂಬದ ಹತ್ತಿರ ನೋಡಬಾರದೆಂದು ಅಗ್ಗಿಷ್ಟಿಕೆಯನ್ನೇ ನೋಡುತ್ತಿದ್ದ. ಕಂಬದ ಹತ್ತಿರ ಯಾರೂ ಇರಲಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಾಕೆಂದರೆ ಆ ಹೊತ್ತಿಗೆ ಟವೆಲ್ಲಿನ ಅಡಿಯಲ್ಲಿ ಒಂದು ಕೈ ಅವನ ಕೈಯನ್ನು ಹಿಡಿದಿತ್ತು.

ಬೆಚ್ಚಗಿನ, ಒರಟು ಕೈ. ತೋರುಬೆರಳು ಅರ್ಧಕ್ಕೇ ನಿಂತಿತ್ತು.

ಅವನು ಕೂಗಲಿಲ್ಲ. ಟವೆಲ್ಲಿನಡಿ ಕೈ ಸಿಕ್ಕಿದಾಗ ಮುಖದಲ್ಲಿ ಏನೂ ತೋರಿಸಬಾರದೆನ್ನುವುದು ರಕ್ತದಲ್ಲಿ ಹೋಗಿದೆ. ಆ ಕೈ ಅವನ ಐದು ಬೆರಳನ್ನೂ ಒಟ್ಟಿಗೆ ಹಿಡಿದು ಅದುಮಿತು. ಚಿಲ್ಲರೆ ಮಾತಿಲ್ಲ, ಪೂರ್ತಿ ನನಗೇ. ಏನನ್ನು ಕೇಳುತ್ತಿದ್ದಾನೆ ಎಂದು ಚೆಲುವಯ್ಯ ಯೋಚಿಸಬೇಕಾಗಲಿಲ್ಲ. ಆ ತುದಿಯಲ್ಲಿ ಮಾದಮ್ಮನ ತಲೆ ಎದೆಯ ಮೇಲೆ ವಾಲಿತ್ತು. ಅವನು ಅಂಗೈ ಮೇಲೆ ಉಗುರು ಎಳೆದ. ಅರ್ಧ ಬಿಡು. ಇನ್ನಷ್ಟು ವರ್ಷ ಇರಲಿ, ಆಮೇಲೆ ನಿನಗೇ. ಕೈ ಮತ್ತೆ ಅದುಮಿತು. ಮತ್ತೆ ಉಗುರು ಎಳೆದ. ಮತ್ತೆ ಅದುಮಿತು, ಈ ಸಲ ಮೂಳೆ ಸದ್ದಾಗುವ ಹಾಗೆ.

ಗುರುಮಲ್ಲಪ್ಪ ಕೂತಲ್ಲಿ ಎಂದೂ ಸೋತವನಲ್ಲ. ಅವನನ್ನು ಇಳಿಸಲು ಚೆಲುವಯ್ಯನಿಗೆ ಗೊತ್ತಿದ್ದ ದಾರಿ ಒಂದೇ, ವ್ಯಾಪಾರ ಬೇಡ ಎಂದು ಟವೆಲ್ ಎಳೆದುಕೊಂಡು ಎದ್ದು ನಡೆದುಬಿಡುವುದು. ಆ ಉಪಾಯವನ್ನು ಅವನು ಆ ಮನುಷ್ಯನ ಮೇಲೆ ಎಷ್ಟೋ ಸಲ ಪ್ರಯೋಗಿಸಿದ್ದ. ಈಗಲೂ ಟವೆಲ್ ಎಳೆದುಕೊಂಡು ಎದ್ದ. ಎದ್ದೆ ಎಂದುಕೊಂಡ. ಕಾಲು ಅವನದಾಗಿರಲಿಲ್ಲ. ಮುಗ್ಗರಿಸಿ ಬಾಗಿಲ ಮೇಲೆಯೇ ಬಿದ್ದ. ಬಾಗಿಲು ಹೊರಕ್ಕೆ ತೆರೆಯಿತು, ಅರ್ಧ ಮೈ ಅಂಗಳದ ಮೇಲೆ ಬಿತ್ತು.

ಮಹಾದೇವಸ್ವಾಮಿ ತಾಯಿಯನ್ನು ಎಳೆದು ಹೊರಗೆ ತಂದ. ಪವಿತ್ರಾ ಮುಖಕ್ಕೆ ನೀರು ಹಾಕಿದಳು. ಆಂಬುಲೆನ್ಸು ಇಬ್ಬರನ್ನೂ ನರಸೀಪುರಕ್ಕೆ ಕರೆದೊಯ್ಯಿತು. ಮೂಗಿಗೆ ಕೊಳವೆ ಹಾಕಿ ಪಕ್ಕಪಕ್ಕದ ಮಂಚದಲ್ಲಿ ಮಲಗಿಸಿದರು. ಊರೆಲ್ಲ ಮೂಗು ಮಾರಿದವನಿಗೆ ಈಗ ಮೂಗಿಗೆ ಕೊಳವೆ ಎಂದು ನರಸೀಪುರದಲ್ಲಿ ಯಾರೂ ತಮಾಷೆ ಮಾಡಲಿಲ್ಲ ಎಂದರೆ ಅದು ಸುಳ್ಳು.

ಬೆಳಗಾದ ಮೇಲೆ ಮಾದಮ್ಮ ಅವನ ಕಡೆ ತಿರುಗಿದಳು. ಅವರು ಬಂದರಾ ಎಂದು ಕೇಳಿದಳು. ಇಲ್ಲವೆನ್ನಬೇಕು ಎಂದು ಚೆಲುವಯ್ಯ ಬಾಯಿ ತೆರೆದ. ಕಿಟಕಿ ತೆಗೆಸಲು ಅದೊಂದು ಸುಳ್ಳು ಸಾಕಿತ್ತು. ಸುಳ್ಳು ಹೇಳಲು ಅವನಿಗೆ ಎಂದೂ ಕಷ್ಟವಾದದ್ದಿಲ್ಲ. ಆದರೆ ಬಲಗೈ ಇನ್ನೂ ನೋಯುತ್ತಿತ್ತು. ಬಂದಿದ್ದ, ಟವೆಲ್ಲಿನಡಿ ನನ್ನ ಕೈ ಹಿಡಿದು ಚೌಕಾಸಿ ಮಾಡಿದ ಎಂದುಬಿಟ್ಟ. ಚೌಕಾಸಿ ಯಾವುದಕ್ಕೆ ಎಂದು ಹೇಳಲಿಲ್ಲ. ಮಾದಮ್ಮ ಕೇಳಲೂ ಇಲ್ಲ. ಅವಳು ಹಿಡಿದುಕೊಂಡದ್ದು ಬೇರೆ ಮಾತನ್ನು.

“ಕೈ ಇಡುದ್ರಾ?”

ಹ್ಞೂಂ ಎಂದ.

ಅವಳು ಮೇಲಿನ ಫ್ಯಾನಿನ ಕಡೆ ಹೊರಳಿದಳು. ಕಣ್ಣಿನಂಚಿನಿಂದ ನೀರು ಕಿವಿಗೆ ಇಳಿಯಿತು. ಮುಖದಲ್ಲಿದ್ದದ್ದು ದುಃಖ ಎಂದು ಅವನು ತಿಳಿದ. ದುಃಖವಲ್ಲ.

“ನಾನು ದಿನಾ ಕಾದ್ಕೊಂಡ್ ಕೂತಿರ್ತೀನಿ. ನಂಗಾದ್ರೆ ಕಂಬ್ದಂಗೆ ನಿಂತ್ಕತಾರೆ, ಒಂದ್ ದಿನ ಮುಟ್ನಿಲ್ಲ. ನೀನ್ ಒಂದ್ ಗಳ್ಗೆ ಕೂತಿದ್ದಕ್ಕೆ ಕೈ ಕೊಟ್ರಾ? ಇದ್ದಾಗ್ಲೂ ಇಂಗೇ ಕಣಪ್ಪ. ಆ ಕೈ ಬರೀ ಯಾಪಾರಕ್ಕೇಯ.”

ಮಗನನ್ನು ಕರೆದಳು. ಕಿಟಕಿಯೆಲ್ಲ ತೆಗೆದುಬಿಡಲಾ ಮಾದೇವ ಎಂದಳು. ಬಾಗಿಲೂ ತೆಗೆ. ಆ ಚಾಪೆ ಸುಟ್ಟುಹಾಕು.

ಈಗ ಆ ಹುಳುಮನೆಯ ಕಿಟಕಿಗಳಿಗೆ ಊಜಿ ನೊಣ ನುಸುಳದಂಥ ಸಣ್ಣ ಜಾಲರಿ ಇದೆ. ಜಾಲರಿ ಮಾರಿದವನು ಯಾರು ಎಂದು ಬೇರೆ ಹೇಳಬೇಕೆ? ಇದ್ದಿಲು ಹೋಗಿ ಕರೆಂಟಿನ ಹೀಟರು ಬಂದಿದೆ, ಅದೂ ಅವನದೇ. ಮಾದಮ್ಮ ಸೊಸೆಯ ಮನೆಯ ಜಗಲಿಯಲ್ಲಿ ಮಲಗುತ್ತಾಳೆ. ತಲೆನೋವು ಹೋಗಿದೆ. ಸಂಜೆ ಹುಳುಮನೆಗೆ ಸೊಪ್ಪು ಹಾಕಲು ಹೋದಾಗ ಮೂಲೆಯ ಕಂಬಕ್ಕೆ ಬೆನ್ನು ತಿರುಗಿಸಿಕೊಂಡೇ ಕೆಲಸ ಮಾಡುತ್ತಾಳಂತೆ. ಕಾಣದವರ ಮೇಲೆ ಮುನಿಸಿಕೊಂಡವರನ್ನು ಸಮಾಧಾನ ಮಾಡುವ ಮಾಲು ಚೆಲುವಯ್ಯನ ಅಂಗಡಿಗೆ ಇನ್ನೂ ಬಂದಿಲ್ಲ.

ಅವನು ಟವೆಲ್ ಹಾಕುವುದನ್ನು ಬಿಟ್ಟಿದ್ದಾನೆ. ಮೂಗು ಮಾರುವಾಗ ಕಿಟಕಿಯ ಮಾತನ್ನು ಮೊದಲು ಹೇಳುತ್ತಾನೆ, ಒಪ್ಪದವರಿಗೆ ಪೆಟ್ಟಿಗೆ ಕೊಡುವುದಿಲ್ಲ. ಇದರಿಂದ ಅವನ ಮೇಲೆ ಜನಕ್ಕೆ ನಂಬಿಕೆ ಹೆಚ್ಚಾಗಿ ವ್ಯಾಪಾರ ಬೆಳೆದದ್ದು ಅವನಿಗೇ ಆಶ್ಚರ್ಯ.

ಪ್ರಸಾದ್ ಬಂದು ಮಾದಮ್ಮನ ಪೆಟ್ಟಿಗೆಗೆ ಬಯಲಿನ ಗಾಳಿ ತೋರಿಸಿ ಸರಿಮಾಡಿಕೊಟ್ಟ ದಿನ ಚೆಲುವಯ್ಯ ಅಂಗಡಿಯಲ್ಲಿ ಕೂತು ಫೋನು ನೋಡುತ್ತಿದ್ದ. ಅಂಕಿ ಇಳಿದು ಇಳಿದು ನಾನೂರರ ಹತ್ತಿರ ಬಂದು ಸಾಧುವಾಗಿ ನಿಂತಿತು. ಆಮೇಲೆ ದೀಪ ಹಚ್ಚುವ ಹೊತ್ತಿಗೆ, ಕಿಟಕಿ ಬಾಗಿಲೆಲ್ಲ ತೆರೆದೇ ಇದ್ದಾಗ, ಒಂದೇ ಒಂದು ಸಲ ಸರಕ್ಕನೆ ಅದರ ಕೆಳಕ್ಕೆ ಇಳಿಯಿತು. ಹೊರಡುವವರು ಬಾಗಿಲಲ್ಲಿ ನಿಂತು ಎದೆತುಂಬ ಉಸಿರು ಎಳೆದುಕೊಂಡ ಹಾಗೆ. ಮತ್ತೆ ಸರಿಯಾಯಿತು.

ಪ್ರಸಾದನನ್ನು ಕೇಳಿದರೆ ಕಾರಣ ಹೇಳುತ್ತಾನೆ. ಚೆಲುವಯ್ಯ ಇನ್ನೂ ಕೇಳಿಲ್ಲ.